ನಾಯಿಯ ಸವಕಳಿ

"ನಿನ್ ಹೊಟ್ಟೆ ನಿಂದು ಕಣಯ್ಯಾ, ಸರ್ಕಾರದ್ದಲ್ಲ. ನೀನು ತಿಂದಿದ್ದನ್ನೆಲ್ಲಾ ಕೆಲಸದ ಖರ್ಚು ಅಂತ ಬರ್ಕೊಂಡು ಕೂತ್ರೆ ನನ್ ಲೈಸೆನ್ಸು ಹೋಗ್ತದೆ."

ತೆರಿಗೆ ಲೆಕ್ಕ ಬರೆಯುವ ಕ್ಲೈವ್ ಹಾಗಂದು, ಲಫಾಯೆಲೆ ತಂದಿದ್ದ ರಸೀದಿಗಳಲ್ಲಿ ಅರ್ಧವನ್ನು ಬೆರಳ ತುದಿಯಿಂದ ಮೇಜಿನ ಆಚೆಗೆ ತಳ್ಳಿದ. ಲಫಾಯೆಲೆ ಸೆಕ್ಯೂರಿಟಿ ಕೆಲಸದವನು. ಲೋಗನ್ ಊರಾಚೆಯ ಗುಜರಿ ಕಾರುಗಳ ಅಂಗಳದ ಮುಂದಿನ ಗೇಟಿಗೆ ಅವನದೇ ಕಾವಲು. ಸಮೋವಾ ದ್ವೀಪದಿಂದ ಬಂದ ಆಳು, ಬಾಗಿಲಿನಷ್ಟು ಅಗಲದ ಮೈ. ಆ ಮೈಯನ್ನು ಕ್ಲೈವನ ಪುಟ್ಟ ಕುರ್ಚಿಯಲ್ಲಿ ಹೇಗೋ ತುರುಕಿಕೊಂಡು ಕೂತಿದ್ದ. ಹೆಂಡತಿ ಸೆಫಿನಾ ಹಿಂದೆ ನಿಂತಿದ್ದಳು.

ಮುಳ್ಳುತಂತಿಗೆ ಸಿಕ್ಕಿ ಹರಿದ ಕರಿಯ ಪ್ಯಾಂಟುಗಳಿಗೆ ವಿನಾಯಿತಿ ಸಿಗಲಿಲ್ಲ. ಕರಿಯ ಪ್ಯಾಂಟನ್ನು ಚರ್ಚಿಗೂ ಹಾಕಿಕೊಂಡು ಹೋಗಬಹುದಲ್ಲ ಎಂದ ಕ್ಲೈವ್. ನಿಂತು ನಿಂತು ಊದಿದ ಮಂಡಿಗೆ ಕಟ್ಟುವ ಪಟ್ಟಿ, ತಿಕ್ಕುವ ಎಣ್ಣೆ, ಅವೂ ಇಲ್ಲ. ಮಂಡಿ ಸ್ವಂತದ್ದು. ಕಂಪನಿಯ ಗುರುತಿದ್ದ ಅಂಗಿಯನ್ನು ಒಗೆಯುವ ಸೋಪು ಮಾತ್ರ ಒಂದಿಷ್ಟು ದಕ್ಕಿತು.

ಆಗ ಬಾಗಿಲಲ್ಲಿ ಮಲಗಿದ್ದ ನಾಯಿ ಆಕಳಿಸಿತು. ಕ್ಲೈವ್ ತಲೆಯೆತ್ತಿದ. ಅದು ಯಾರದು ಎಂದು ಕೇಳಿದ. ನಂದೇ, ನನ್ನ ಜೊತೆ ಗೇಟು ಕಾಯುತ್ತದೆ, ತರಬೇತಿಯೂ ಆಗಿದೆ ಎಂದ ಲಫಾಯೆಲೆ. ಹೆಸರು ಪಿಸುಪೊ, ಅಂದರೆ ಡಬ್ಬಿಯ ದನದ ಮಾಂಸ. ಮನೆಯಲ್ಲಿ ಎಲ್ಲರಿಗೂ ಇಷ್ಟವಾದದ್ದು ಎಂದು ಇಟ್ಟ ಹೆಸರು. ಕ್ಲೈವನ ಮುಖ ಹೂವಿನಂತೆ ಅರಳಿತು. ನಾಯಿಯ ಊಟಕ್ಕೆ ವಿನಾಯಿತಿ ಉಂಟು. ಚುಚ್ಚುಮದ್ದಿಗೆ ಉಂಟು, ಸರಪಳಿಗೆ ಉಂಟು. ಅಷ್ಟೇ ಅಲ್ಲ, ನಾಯಿ ಒಂದು ಸಲಕರಣೆ. ದುಡಿದಂತೆಲ್ಲ ವರ್ಷವರ್ಷವೂ ಸವೆಯುತ್ತದೆ. ಆ ಸವಕಳಿಯನ್ನೂ ಬರೆಯಬಹುದು.

ಸೆಫಿನಾಗೆ ತಡೆಯಲಾಗಲಿಲ್ಲ. "ನಾಯಿ ಸವೀತದೆ. ಇಷ್ಟು ವರ್ಷದಿಂದ ಗೇಟಿನ್ ತಾವ ನಿಂತವ್ನಲ್ಲ, ನನ್ ಗಂಡ ಸವೆಯಾಕಿಲ್ವಾ?"

"ಕೊಂಡ್ಕೊಂಡಿದ್ದು ಮಾತ್ರ ಸವೀತದೆ ಕಣಮ್ಮಾ. ನಿನ್ ಗಂಡನ್ನ ಯಾರೂ ಕೊಂಡ್ಕೊಂಡಿಲ್ವಲ್ಲ."

"ಕೊಂಡ್ಕೊಂಡಿದ್ರೆ ವಸಿ ಚೆನ್ನಾಗ್ ನೋಡ್ಕೋತಿದ್ರು," ಎಂದಳು ಸೆಫಿನಾ.

ಕ್ಲೈವ್ ಕೆಟ್ಟವನೇನಲ್ಲ. ನಕ್ಕು, ಇನ್ನೊಂದು ಮಾತಿದೆ ಎಂದ. ನಾಯಿಯನ್ನು ಮನೆಯಲ್ಲಿ ಮುದ್ದಿಗೆ ಸಾಕಿದ್ದರೆ ಏನೂ ಸಿಗುವುದಿಲ್ಲ. ಮನೆಯವರಾರೂ ಅದನ್ನು ಮುದ್ದು ಮಾಡುವುದಿಲ್ಲ ತಾನೆ? ಲಫಾಯೆಲೆ ಗಂಟಲು ಸರಿಮಾಡಿಕೊಂಡು, ಅದರ ಮುಖ ಕಂಡರೆ ನಮಗ್ಯಾರಿಗೂ ಆಗುವುದಿಲ್ಲ ಎಂದ. ಅಷ್ಟರಲ್ಲಿ ಪಿಸುಪೊ ಎದ್ದು ಬಂದು ಅವನ ತೊಡೆಯ ಮೇಲೆ ತಲೆಯಿಟ್ಟು ಬಾಲ ಅಲ್ಲಾಡಿಸಿತು. ಕ್ಲೈವ್ ಮುಖ ತಿರುಗಿಸಿಕೊಂಡು ಕಂಪ್ಯೂಟರು ನೋಡತೊಡಗಿದ. ಅಂದಿನಿಂದ ಮಕ್ಕಳು ನಾಯಿಯನ್ನು ತಬ್ಬಿಕೊಳ್ಳಬೇಕಾದರೆ ಮೊದಲು ಕಿಟಕಿಯ ಪರದೆ ಎಳೆಯಬೇಕಾಯಿತು.

ಬೇಸಿಗೆ ಬಂತು. ಅಂಗಳದ ಡಾಂಬರು ಬೂಟಿಗೆ ಅಂಟತೊಡಗಿತು. ಕೂತ ಕಾವಲುಗಾರ ಸೋಮಾರಿಯಂತೆ ಕಾಣುತ್ತಾನೆಂದು ಮ್ಯಾನೇಜರ್ ಡ್ಯಾರಿಲ್ ಗೇಟಿನ ಬಳಿಯ ಕುರ್ಚಿಯನ್ನು ಎಂದೋ ಎತ್ತಿಸಿದ್ದ. ಹೀಗಿರುವಾಗ, ನಾಯಿಯನ್ನು ಬಿಸಿಲಲ್ಲಿ ನಿಲ್ಲಿಸಿದ್ದಾರೆಂದು ಯಾರೋ ದೂರು ಕೊಟ್ಟು, ಪ್ರಾಣಿಗಳ ಕಷ್ಟಸುಖ ನೋಡುವ ಕಚೇರಿಯಿಂದ ಒಬ್ಬ ಹೆಂಗಸು ಬಂದಳು. ಪಿಸುಪೊ ಲಫಾಯೆಲೆಯ ನೆರಳಿನಲ್ಲಿ ಮಲಗಿತ್ತು.

"ನೆರಳು ಇದೆಯಲ್ಲಾ ಮೇಡಂ," ಎಂದು ಡ್ಯಾರಿಲ್ ಲಫಾಯೆಲೆಯನ್ನು ತೋರಿಸಿದ.

ಆಕೆ ಲಫಾಯೆಲೆಯನ್ನು ಸುತ್ತು ಹಾಕಿ ನೋಡಿದಳು. ಬೆಳಗಿನ ಹೊತ್ತಿಗೆ ಈ ನೆರಳು ಸಾಕು, ಮಧ್ಯಾಹ್ನ ಕಿರಿದಾಗುತ್ತದೆ ಎಂದಳು. ನಾಯಿಯ ಅಂಗಾಲು ಮುಟ್ಟಿ ಅಯ್ಯೋ ಪಾಪ ಎಂದಳು. ಫೋಟೋಗೆ ಅಡ್ಡ ಬರುತ್ತಿದ್ದೀಯ, ಸ್ವಲ್ಪ ಸರಿ ಎಂದು ಲಫಾಯೆಲೆಗೆ ಹೇಳಿ, ಡ್ಯಾರಿಲ್‌ಗೆ ಎಚ್ಚರಿಕೆ ಕೊಟ್ಟು ಹೋದಳು. ಒಂದೆರಡು ದಿನದಲ್ಲೇ ಗೇಟಿನ ಪಕ್ಕದಲ್ಲಿ ಒಂದು ಚಪ್ಪರ ಎದ್ದಿತು. ಒಳಗೆ ಫ್ಯಾನು, ತಣ್ಣೀರಿನ ತೊಟ್ಟಿ, ಮೆತ್ತನೆಯ ಹಾಸು. ನಾಯಿ ಒಳಗೆ, ಲಫಾಯೆಲೆ ಹೊರಗೆ.

ಒಂದು ಮಧ್ಯಾಹ್ನ ಅವನಿಗೆ ಕಣ್ಣು ಕತ್ತಲೆ ಬಂತು. ಬಗ್ಗಿ ಚಪ್ಪರದೊಳಗೆ ಹೋಗಿ ಕೂತ. ಪಿಸುಪೊ ಸರಿದು ಜಾಗ ಕೊಟ್ಟಿತು. ಆಫೀಸಿನ ಗಾಜಿನಿಂದ ನೋಡಿದ ಡ್ಯಾರಿಲ್ ಓಡಿಬಂದ.

"ಎದ್ದು ಬಾರ್ಲಾ ಈಚೆಗೆ, ಬೋಳಿಮಗನೆ. ಆಯಮ್ಮ ಬಂದು ನೋಡಿದ್ರೆ ನಾಯಿ ಜಾಗ ನೀನ್ ಕಿತ್ಕೊಂಡೆ ಅಂತ ನಂಗೆ ದಂಡ ಹಾಕ್ತಾಳೆ."

ಲಫಾಯೆಲೆ ಎದ್ದು ಬಂದ. ಮರುದಿನ ಬಂದಾಗ ಚಪ್ಪರಕ್ಕೆ ಬೋರ್ಡು ಬಿದ್ದಿತ್ತು: ನಾಯಿಗಳಿಗೆ ಮಾತ್ರ. ಅದನ್ನು ಓದಿದ. ಬಿಸಿಲೇರುವ ತನಕ ನಿಂತ. ಆಮೇಲೆ ಬಗ್ಗಿ ಒಳಗೆ ಹೋಗಿ, ಹಾಸಿನ ಮೇಲೆ ಕಾಲು ಚಾಚಿ ಕೂತ.

ಡ್ಯಾರಿಲ್ ಬಂದು ಬೋರ್ಡಿಗೆ ಪಟಪಟ ಬಡಿದ. "ಓದಾಕ್ ಬರಾಕಿಲ್ವೇನ್ಲಾ? ಏನ್ ಬರ್ದದೆ ಇಲ್ಲಿ?"

"ನಾಯಿಗಳಿಗೆ ಮಾತ್ರ ಅಂತ."

"ಮತ್ತೆ ನೀನೇನ್ಲಾ?"

ಲಫಾಯೆಲೆ ಅವನನ್ನೇ ನೋಡಿದ. ಚರ್ಚಿನ ಗಾಯನದಲ್ಲಿ ಎಲ್ಲರಿಗಿಂತ ಕೆಳಗಿನ ಸ್ಥಾಯಿಯ ದನಿ ಅವನದು. ಆ ದನಿಯನ್ನು ಹೊಟ್ಟೆಯಿಂದ ಎತ್ತಿ ಬೊಗಳಿದ.

ಡ್ಯಾರಿಲ್ ಹಿಂದಕ್ಕೆ ಹೆಜ್ಜೆಯಿಟ್ಟ. ಲಫಾಯೆಲೆ ಮತ್ತೆ ಬೊಗಳಿದ. ಹಿಂದಿನ ಗೇಟಿನಲ್ಲಿ ನಿಂತಿದ್ದವನು ನೇಪಾಳದ ಘಲೆ. ಅವನಿಗೆ ನಾಯಿಯೂ ಇಲ್ಲ, ಚಪ್ಪರವೂ ಇಲ್ಲ. ಅವನು ಒಂದು ಗಳಿಗೆ ಕಿವಿಗೊಟ್ಟು ಕೇಳಿ, ಟೋಪಿ ತೆಗೆದು, ತಾನೂ ಬೊಗಳಿದ. ಬೇಲಿಯಾಚೆ ಮರದ ಡಿಪೋ ಕಾಯುವವನು ಬೊಗಳಿದ. ಅದರಾಚೆಯ ಗೋದಾಮಿನ ಮುದುಕ ಕೆಮ್ಮುತ್ತಾ ಬೊಗಳಿದ. ಬೀದಿ ಉದ್ದಕ್ಕೂ ಗೇಟುಗೇಟಿನಿಂದ ದನಿಗಳು ಏಳತೊಡಗಿದವು. ಗೇಟು ತೆರೆಯುವವರಿಲ್ಲದೆ ಲಾರಿಗಳು ಸಾಲುಗಟ್ಟಿ ನಿಂತವು. ಪಿಸುಪೊ ಮಾತ್ರ ಬಾಯಿ ಮುಚ್ಚಿಕೊಂಡು ಮಲಗಿತ್ತು.

ಡ್ಯಾರಿಲ್ ಬಿಸಿಲಲ್ಲಿ ನಿಂತು, ಒಂದು ಕಿವಿಗೆ ಬೆರಳಿಟ್ಟು, ಇನ್ನೊಂದಕ್ಕೆ ಫೋನು ಒತ್ತಿಕೊಂಡು ಕಂಪನಿಯ ಯಜಮಾನನಿಗೆ ಕೂಗಿ ಹೇಳುತ್ತಿದ್ದ. ನಾಯಿಗಳಿಗೆ ಏನು ರೋಗ ಬಂತೋ ಎಂದು ಆ ಕಡೆಯವನು ಕೇಳಿರಬೇಕು.

"ನಾಯಿಗಳಲ್ಲ ಸಾರ್. ಕೇಳಿಸ್ತಿಲ್ವಾ? ನಾಯಿಗಳಲ್ಲ... ಮನುಷ್ಯರು ಸಾರ್, ಇವರು ಮನುಷ್ಯರು."