ಕಾದು ತಿಂದ ಬನ್ನು

ಬೇಕರಿಯವನು ತಮ್ಮನನ್ನು ಕಳ್ಳ ಎಂದು ಬೈದು ಬೀದಿಗೆ ದಬ್ಬಿದ ಸುದ್ದಿ ಪ್ರಯೋಗಾಲಯಕ್ಕೆ ಬಂದಾಗ ಅಕ್ಕನ ಕೈಯಲ್ಲಿ ಇಲಿಯಿತ್ತು. ಅದನ್ನು ಗೂಡಿಗೆ ಬಿಟ್ಟು, ಕೈಗವಸು ಕಿತ್ತೆಸೆದು, ಬುಸುಗುಡುತ್ತಾ ಹೊರಟಳು.

ಹಣೆಯ ಹಿಂದಿನ ಮಿದುಳು ಆಸೆಗೆ ಲಗಾಮು ಹಾಕುತ್ತದೆ ಎಂಬುದು ಅವಳ ಹೊಟ್ಟೆಪಾಡಿನ ವಿದ್ಯೆ. ಆ ಜಾಗವನ್ನು ಮಂಕು ಮಾಡಿದ ಇಲಿ, ಸ್ವಲ್ಪ ಕಾದರೆ ನಾಲ್ಕು ಹನಿ ಸಕ್ಕರೆನೀರು ಸಿಗುತ್ತದೆಂದು ಗೊತ್ತಿದ್ದೂ ಒಂದೇ ಹನಿಗೆ ಮುಗಿಬೀಳುತ್ತದೆ. ಬೈಕಿನಿಂದ ಬಿದ್ದು ಹಣೆ ಒಡೆದುಕೊಂಡ ಮೇಲೆ ತಮ್ಮನೂ ಹಾಗೇ ಆಗಿದ್ದ. ಕಂಡ ತಿಂಡಿಗೆಲ್ಲ ಕೈ ಹಾಕುವುದು. ಬಂಧುಗಳು ಹೊಟ್ಟೆಬಾಕ ಎಂದು ಆಡಿಕೊಂಡರು, ಅವರ ಬಾಯಿಗಿಷ್ಟು ಮಣ್ಣು! ಅವಳು ಹಟ ಹಿಡಿದು, ಇಲಿಗಳಿಗೆ ಕಲಿಸಿದಂತೆಯೇ ಅವನಿಗೂ ಕಲಿಸಿದಳು. ಬಿಸ್ಕತ್ತು ಎದುರಿಗಿಡುವಳು, ಗಂಟೆ ಬಾರಿಸುವವರೆಗೆ ಮುಟ್ಟದಿದ್ದರೆ ಎರಡು ಕೊಡುವಳು. ತಿಂಗಳುಗಟ್ಟಲೆ ಹೆಣಗಿ ಅವನು ಕಾಯುವುದನ್ನು ಕಲಿತ. ಬೇಕರಿಯಲ್ಲಿ ಕೆಲಸವೂ ಸಿಕ್ಕಿತು. ಇದೂ ಕೈತಪ್ಪಿದರೆ ಅವನನ್ನು ಕರೆದು ಕೆಲಸ ಕೊಡುವವರು ಇನ್ನೊಬ್ಬರಿರಲಿಲ್ಲ.

ಬೇಕರಿಯವನೇನು ಬಾಯಿಲ್ಲದವನಲ್ಲ. ಓವನ್ ಹತ್ತಿರ ನಿಲ್ಲಿಸಿದಾಗಿನಿಂದ ಇದೇ ಗೋಳು, ಟ್ರೇ ಈಚೆಗೆ ಬರುವುದೇ ತಡ, ಗಿರಾಕಿಗಳೆದುರೇ ಎರಡೆರಡು ಬನ್ನು ಎತ್ತಿಕೊಳ್ಳುತ್ತಾನೆ ಎಂದು ಕೂಗಾಡಿದ. ತಲೆಗೆ ಪೆಟ್ಟಾದವನೆಂದು ಮೊದಲೇ ಹೇಳಿರಲಿಲ್ಲವೇ ಎಂದು ಅವಳೂ ಅಂಗಡಿ ಅದುರುವಂತೆ ಜಗಳಕ್ಕೆ ನಿಂತಳು. ಆಮೇಲೆ ಅದೇ ಸಿಟ್ಟು ಮೆಟ್ಟಿಲ ಮೇಲೆ ಕೂತಿದ್ದ ತಮ್ಮನ ಕಡೆ ತಿರುಗಿತು.

"ಕಲಿಸಿದ್ದನ್ನೆಲ್ಲ ಮಣ್ಣುಪಾಲು ಮಾಡಿದ್ಯಲ್ಲೋ. ಒಂದು ಗಳಿಗೆ ಕಾಯೋಕಾಗಲ್ವಾ ನಿಂಗೆ?"

ಅವನು ಬೊಬ್ಬೆ ಎದ್ದ ಅಂಗೈ ಚಾಚಿದ. "ಕಾದೆ ಅಕ್ಕಾ. ಗಂಟೆ ಹೊಡೆಯೋವರೆಗೂ ಮುಟ್ಟಲೇ ಇಲ್ಲ. ಆಮೇಲೆ ಎರಡು ತಗೊಂಡೆ. ಎರಡೇ."

ಆಗಲೇ ಒಳಗೆ ಓವನ್ ಗಂಟೆ ಠಣ್ ಎಂದಿತು. ಬನ್ನು ಬೆಂದಿತು ಎಂದು ಹೇಳುವ ಗಂಟೆ. ತಮ್ಮ ದಡಬಡನೆ ಎದ್ದ. ಅವಳು ರಟ್ಟೆ ಹಿಡಿದು ಎಳೆದರೆ, ತಾನೇನು ತಪ್ಪು ಮಾಡಿದೆ ಎನ್ನುವಂತೆ ಅವಳ ಮುಖ ನೋಡಿದ. ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಎನ್ನುವಷ್ಟು ಸಿಟ್ಟು ಬಂತು ಅವಳಿಗೆ.

"ಅವನು ಕಳ್ಳ ಅಲ್ಲ. ಗಂಟೆ ಹೊಡೆದ್ರೆ ತಗೋ ಅಂತ ಕಲಿಸಿದವಳು ನಾನು" ಎಂದಳು.

ಬೇಕರಿಯವನ ದನಿ ಸ್ವಲ್ಪ ತಗ್ಗಿತು. "ಹಾಗಿದ್ರೆ ಅದನ್ನ ಮರೆಸಿ ಕರ್ಕೊಂಡು ಬನ್ನಿ. ಕೆಲಸ ಇಟ್ಟಿರ್ತೀನಿ."

ಅವಳು ತಮ್ಮನ ರಟ್ಟೆ ಬಿಡದೆ ಮೆಟ್ಟಿಲಿಳಿದಳು. ಒಮ್ಮೆ ಕಲಿತದ್ದನ್ನು ಬಿಡುವುದಕ್ಕೂ ಹಣೆಯ ಹಿಂದಿನ ಆ ಜಾಗವೇ ಬೇಕು ಎಂಬುದು ಅವಳಿಗಿಂತ ಚೆನ್ನಾಗಿ ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.