ತೂಗಿದರೆ ದೃಷ್ಟಿ

ನರ್ಸಬಾಯಿ ಹಾಲು ಮಾರಿಕೊಳ್ಳುತ್ತಾಳೆಂದು ನನಗೆ ಖಾತ್ರಿಯಾಗಿತ್ತು. ಇಲ್ಲದಿದ್ದರೆ ನನ್ನ ಮಗ ಉದ್ದಪ್ಪನಿಗೆ ಹಾಲು ನಿಲ್ಲಿಸುವ ಕಾರಣವೇನಿತ್ತು? ವರ್ಷ ತುಂಬಿದರೂ ಕೂಸು ಕೂರುತ್ತಿರಲಿಲ್ಲ. ಎತ್ತಿಕೊಂಡರೆ ಎಲುಬೇ ಕೈಗೆ ಹತ್ತುತ್ತಿತ್ತು.

ಮಹಾಯುದ್ಧದ ಆ ದಿನಗಳಲ್ಲಿ ಅವಳು ಸೋಮವಾರಕ್ಕೊಮ್ಮೆ ಘಟಪ್ರಭಾದಿಂದ ಚಕ್ಕಡಿಯಲ್ಲಿ ನಮ್ಮ ಘೋಡಗೇರಿಗೆ ಬರುತ್ತಿದ್ದಳು. ಚಾವಡಿಯಲ್ಲಿ ಕೂಸುಗಳನ್ನು ತೂಗಿ, ಸೊರಗಿದವಕ್ಕೆ ಹಾಲಿನ ಪುಡಿ ಕೊಡುವಳು. ಹುರಿದ ಶೇಂಗಾ ಕುಟ್ಟಿ ಗಂಜಿಗೆ ಹಾಕುವುದನ್ನು ತಾಯಂದಿರಿಗೆ ಕಲಿಸುವಳು. ನಾನು ಹೊಲಕ್ಕೆ ಹೋಗುತ್ತಿದ್ದುದರಿಂದ ಕೂಸನ್ನು ಒಯ್ಯುವವಳು ನನ್ನ ಅತ್ತೆ ಶೆಟ್ಟೆವ್ವ.

ಅತ್ತೆಗೆ ತೂಗುವುದೇ ಸೇರದು. "ಕೂಸೇನ ಬೆಲ್ಲದ ಪೆಂಟಿ ಐತೇನ? ತೂಗಿದ್ರ ದೃಷ್ಟಿ ಆಗೂದಿಲ್ಲೇನ?" ಎಂದು ಗೊಣಗುತ್ತಲೇ ಹಾಲಿಗಾಗಿ ಹೋಗುತ್ತಿದ್ದಳು. ಕೂಸಿನ ತಲೆಯಿಂದ ಕಾಲಿನವರೆಗೆ ಹೊದಿಸಿದ ಕುಂಚಿಗೆಯನ್ನು ಮಾತ್ರ ಯಾರಿಗೂ ಬಿಚ್ಚಗೊಡುತ್ತಿರಲಿಲ್ಲ.

ಒಂದು ವಾರ ಬರಿಗೈಲಿ ಬಂದಳು. "ನಿನ್ನ ಮಗಾ ಗಟ್ಟಿ ಆಗ್ಯಾನಂತ. ಹಾಲು ಬ್ಯಾರೆ ಕೂಸಿಗೆ ಕೊಟ್ಲು" ಎಂದಳು. ನನಗೆ ಮೈಯೆಲ್ಲ ಉರಿಯಿತು.

ಮುಂದಿನ ಸೋಮವಾರ ಕೆಲಸ ಬಿಟ್ಟು ಅತ್ತೆಯ ಬೆನ್ನಿಗೇ ಚಾವಡಿಗೆ ಹೋದೆ.

"ನಮ್ಮ ಕೂಸಿನ ಹಾಲು ಎಲ್ಲಿ ಹೋತ್ರಿ, ಬಾಯಾರ?"

"ಮಾರಿ ಸಣ್ಣದಾದ್ರೂ ತೂಕ ಏರೈತಿ, ತಂಗಿ. ತಕ್ಕಡಿ ಸುಳ್ಳ ಹೇಳೂದಿಲ್ಲ. ನೀನ ನೋಡು."

ಅತ್ತೆಯ ಕೈಯಿಂದ ಕೂಸನ್ನು ಕಿತ್ತುಕೊಂಡೆ. ರಾತ್ರಿಯೆಲ್ಲ ನನ್ನ ಮಗ್ಗುಲಲ್ಲಿ ಮಲಗಿದ್ದ ಕೂಸು ಇಷ್ಟು ಭಾರವಿರಲಿಲ್ಲ. ಅತ್ತೆ ಬೇಡ ಬೇಡವೆನ್ನುತ್ತಿದ್ದಂತೆ ಕುಂಚಿಗೆ ಬಿಚ್ಚಿದೆ. ಸೊಂಟದ ಸುತ್ತ ಅರಿವೆಯಲ್ಲಿ ಎತ್ತಿನ ಲಾಳ, ಕುಡುಗೋಲಿನ ಮುರುಕು, ನೇಗಿಲ ಗುಳದ ಚೂರುಗಳನ್ನು ಬಿಗಿದು ಕಟ್ಟಿತ್ತು.

"ಕಬ್ಬಿಣ ಇದ್ರ ದೃಷ್ಟಿ ತಾಗೂದಿಲ್ಲ" ಎಂದಳು ಅತ್ತೆ, ತಲೆ ತಗ್ಗಿಸದೆ. "ವಾರಾ ವಾರಾ ಈಕಿ, ಚಲೋ ಬೆಳ್ದಾನ, ಚಲೋ ಬೆಳ್ದಾನ ಅಂತಾಳ. ಆಕಿ ಹೊಗಳಿದಾಗೊಮ್ಮೆ ಒಂದೊಂದು ಹೆಚ್ಚಿಗಿ ಕಟ್ಟೀನಿ. ಮನಿಗಿ ಹೋಗಿ ಬಿಚ್ಚಿ ಇಡತಿದ್ದೆ."

ಹಿಂದೆ ಯಾರೋ ಕಿಸಕ್ಕೆಂದರು. ಮುದುಕಿಯನ್ನು ಅಲ್ಲೇ ಹಿಡಿದು ಜಾಡಿಸಬೇಕೆನಿಸಿತು. ಗಂಟು ಬಿಚ್ಚಿ ಕಬ್ಬಿಣವನ್ನೆಲ್ಲ ನೆಲಕ್ಕೆ ಸುರಿದೆ.

ನರ್ಸಬಾಯಿ ಬರಿಮೈಯ ಕೂಸನ್ನು ತಕ್ಕಡಿಗಿಟ್ಟಳು. ಕೂಸಿದ್ದ ತಟ್ಟೆ ಮೇಲೆಯೇ ನಿಂತಿತು. ಆ ಕಡೆ ಹಿಂದಿನ ವಾರದ ತೂಕಕ್ಕೆ ಇಟ್ಟಿದ್ದ ಕಲ್ಲುಗಳಲ್ಲಿ ಒಂದನ್ನು ತೆಗೆದಳು. ಆದರೂ ಸಮವಾಗಲಿಲ್ಲ. ಇನ್ನೊಂದು ತೆಗೆದಳು, ಮತ್ತೊಂದು ತೆಗೆದಳು. ಉದ್ದಪ್ಪ ಅಳಲೂ ಇಲ್ಲ. ಅವಳು ಯಾರನ್ನೂ ಬೈಯಲಿಲ್ಲ, ಕೂಸಿನ ಪಕ್ಕೆಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತಳು.

ಅತ್ತೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಹತ್ತಿರ ಬಂದು ಅವಳ ಸೆರಗು ಹಿಡಿದಳು.

"ಯಾಕ ಸುಮ್ಮನಾದ್ರಿ? ಚಲೋ ಅದಾನ ಅನ್ರಿ, ಬಾಯಾರ. ಒಂದ ಸಲ ಅನ್ರಿ."