ಇವತ್ತಿನ ಸ್ತೋತ್ರ

ನಮ್ಮ ಮನೆಯಲ್ಲಿ ತಟ್ಟೆಗೆ ಕೈ ಹಾಕುವ ಮುಂಚೆ ಒಬ್ಬೊಬ್ಬರೂ ಕರ್ತನು ಮಾಡಿದ ಒಂದೊಂದು ಒಳ್ಳೆಯದಕ್ಕೆ ಸ್ತೋತ್ರ ಹೇಳಲೇಬೇಕು. ಅದೂ ಆ ದಿನದ್ದೇ ಆಗಬೇಕು. ನಿನ್ನೆಯದನ್ನು ಹೇಳಿದರೆ ಅಮ್ಮ, "ಹಳಸಿದ್ದು ಕರ್ತನಿಗೆ ಬೇಡ, ಬಿಸಿಯಾಗಿರೋದು ತಾ" ಅನ್ನುತ್ತಾಳೆ. ಅಪ್ಪನನ್ನು ಮಣ್ಣು ಮಾಡಿ ಬಂದ ಸಂಜೆಯೂ ಬಿಡಲಿಲ್ಲ. ನಾನು ಏನೂ ಇಲ್ಲ ಅಂತ ಹಠ ಹಿಡಿದು ಉಪವಾಸ ಮಲಗಿದೆ. ಅಕ್ಕ ಮಾತ್ರ, "ಅಪ್ಪ ನರಳದೆ ಹೋದರು, ಸ್ತೋತ್ರ" ಅಂದು ಊಟ ಮಾಡಿದಳು. ಕಲ್ಲು ಹಿಂಡಿ ಒಂದು ತೊಟ್ಟು ಸ್ತೋತ್ರ ತೆಗೆಯುವವಳು ಅವಳು.

ಅದೇ ಅವಳ ಕುತ್ತಿಗೆಗೆ ಬಂತು.

ಭಾವನಿಗೆ ಟೈರಿನ ಅಂಗಡಿ. ಭಾನುವಾರ ಚರ್ಚಿನ ಸಭೆಯಲ್ಲಿ ಗಿಟಾರ್ ನುಡಿಸುತ್ತಾನೆ, ಅದಕ್ಕೇ ನಾನು ಅವನನ್ನು ಗಿಟಾರು ಅನ್ನೋದು. ಅಲ್ಲಿ ತಂತಿ ಮೀಟುವ ಕೈ ಮನೆಗೆ ಬಂದರೆ ಅಕ್ಕನ ಜುಟ್ಟಿಗೆ ಹೋಗುತ್ತದೆ. ಏಟು ತಿಂದು ನಮ್ಮಲ್ಲಿಗೆ ಬರುತ್ತಾಳೆ, ಮೇಜಿಗೆ ಕೂರುತ್ತಾಳೆ, ಸ್ತೋತ್ರ ಹುಡುಕುತ್ತಾಳೆ. "ಇವತ್ತು ಕೈಯಲ್ಲಷ್ಟೇ ಹೊಡೆದರು, ಬೆಲ್ಟ್ ತೆಗೀಲಿಲ್ಲ, ಸ್ತೋತ್ರ." "ಹೊಡೆದ ಮೇಲೆ ನೀರು ಕೊಟ್ಟರು, ಸ್ತೋತ್ರ." ಹೇಳ್ತಾ ಹೇಳ್ತಾ ಅವನು ಒಳ್ಳೆಯವನಾಗಿಬಿಡುತ್ತಾನೆ. ಆಮೇಲೆ "ಕನ್ನಡಕ ಅಲ್ಲೇ ಬಿಟ್ಟುಬಂದೆ, ತಂದುಬಿಡ್ತೀನಿ" ಅಂತ ಹೋದವಳು ಅಲ್ಲೇ ಉಳಿಯುತ್ತಾಳೆ. ಒಂದು ಸಲ ಕನ್ನಡಕ, ಒಂದು ಸಲ ಸ್ವೆಟರ್. ಆಸ್ಪತ್ರೆಯವರು ಕೇಳಿದರೆ ಮೆಟ್ಟಿಲಲ್ಲಿ ಜಾರಿದೆ ಅನ್ನುತ್ತಾಳೆ. ಅವಳ ಮನೆಗೆ ಮೆಟ್ಟಿಲೇ ಇಲ್ಲ.

ಈ ಸಲ ದವಡೆ ಮುರಿದಿತ್ತು. ಬರಿಗಾಲಲ್ಲಿ ಓಡಿ ಬಂದಿದ್ದಳು. ಡಾಕ್ಟರು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ತಂತಿ ಕಟ್ಟಿ ಕಳಿಸಿದರು.

"ಪಾಪ, ಒಬ್ಬರೇ ಏನು ತಿಂತಾರೋ" ಅಂದಳು ಹಲ್ಲಿನ ಸಂದಿಯಿಂದ.

"ನಿನ್ನ ತಲೆ ತಿಂತಾನೆ. ಇನ್ನೊಂದು ಸಲ ಹೋದರೆ ಹೆಣವಾಗಿ ಬರ್ತೀಯ" ಅಂದೆ. ಕೋಪಕ್ಕೆ ಅಂದದ್ದಲ್ಲ, ಹೆದರಿ ಅಂದದ್ದು.

ಅಪ್ಪನ ಮಾಂಸದಂಗಡಿಯನ್ನು ಈಗ ನಡೆಸುವವಳು ನಾನು. ಮನೆ ಮೇಲೆ, ಅಂಗಡಿ ಕೆಳಗೆ. ಮಾರನೇ ದಿನ ಮಧ್ಯಾಹ್ನ ಗಿರಾಕಿ ಕರಗಿದ ಮೇಲೆ ಗಿಟಾರು ಬಂದ. ಅಮ್ಮ ಗಲ್ಲಾದಲ್ಲಿದ್ದಳು, ಅಕ್ಕ ನಲ್ಲಿಯ ಹತ್ತಿರ ಟ್ರೇ ತೊಳೆಯುತ್ತಿದ್ದಳು. ಅವನು ಯಾರ ಮುಖವನ್ನೂ ನೋಡದೆ ಸೀದಾ ಹೋಗಿ, ಚೀಲದಿಂದ ಅಕ್ಕನ ಚಪ್ಪಲಿ ತೆಗೆದು ಅವಳ ಕಾಲ ಬಳಿ ಜೋಡಿಸಿಟ್ಟ.

"ಬರಿಗಾಲಲ್ಲಿ ಬಂದುಬಿಟ್ಟೆಯಲ್ಲ. ಹಾಕ್ಕೋ, ಮನೆಗೆ ಹೋಗೋಣ" ಅಂದ, ಬೆಣ್ಣೆಯಂಥ ದನಿಯಲ್ಲಿ.

ಅಕ್ಕನ ಮುಖ ಅರಳಿತು. ಸಿಕ್ಕಿಬಿಟ್ಟಿತ್ತು ಅವಳಿಗೆ ಆ ದಿನದ ಸ್ತೋತ್ರ. ಅವಳು ಒಂದು ಕಾಲು ಚಪ್ಪಲಿಗೆ ತೂರಿಸಿಯೂ ಆಗಿತ್ತು.

ಅಮ್ಮ ಎದ್ದು ಬಂದು ನಡುವೆ ನಿಂತಳು. "ಇವತ್ತು ಕಳಿಸಲ್ಲಪ್ಪ. ಮೊದಲು ದವಡೆ ಕೂಡಲಿ."

"ಗಂಡ ಹೆಂಡತಿ ಮಧ್ಯೆ ಬರಬೇಡಿ ಅತ್ತೆ" ಅಂದವನೇ ಅವಳನ್ನು ನೂಕಿದ. ಅಮ್ಮನ ತಲೆ ಕಲ್ಲಿನ ಕಟ್ಟೆಯ ಅಂಚಿಗೆ ಬಡಿಯಿತು. ಹಣೆ ಸೀಳಿ ರಕ್ತ ಕಣ್ಣಿಗಿಳಿಯಿತು. ಅಕ್ಕ ಅವಳತ್ತ ಬಗ್ಗಿದಳು. ಅವನು ಅಕ್ಕನ ಗಲ್ಲಕ್ಕೆ ಕೈ ಹಾಕಿ, ಆ ಮುರಿದ ದವಡೆಯನ್ನೇ ಹಿಡಿದು ಎಳೆದ. ತಂತಿ ಕಟ್ಟಿದ ಬಾಯಿಂದ ಬಂದಂಥ ಸದ್ದನ್ನು ಸಾಯುವ ಪ್ರಾಣಿಯಿಂದಲೂ ನಾನು ಕೇಳಿಲ್ಲ.

ನಾನು ಅವನ ಮೇಲೆ ಬಿದ್ದೆ. ಅವನು ತೂಕದ ಬಟ್ಟು ಎತ್ತಿ ಮುಖಕ್ಕೆ ಬೀಸಿದ. ಹುಬ್ಬು ಒಡೆದು ಒಂದು ಕಣ್ಣು ಮುಚ್ಚಿಹೋಯಿತು. ಕೈಗೆ ಸಿಕ್ಕಿದ್ದು ಮೂಳೆ ಒಡೆಯುವ ಸುತ್ತಿಗೆ; ಅವನ ಮಂಡಿಗೆ ಹಾಕಿದೆ. ಲಟಕ್ಕೆಂದು ಕುಸಿದ. ಬೆನ್ನ ಮೇಲೆ ಮೊಣಕಾಲೂರಿ, ಅವನ ಕೆನ್ನೆಯನ್ನು ನೆಲದಲ್ಲಿದ್ದ ಕೊಚ್ಚುವ ದಿಮ್ಮಿಗೆ ಒತ್ತಿ ಹಿಡಿದು, ಮಚ್ಚು ಎತ್ತಿದೆ. ದಿನಾ ಮಾಡುವ ಕೆಲಸ, ಎಲ್ಲಿ ಇಳಿಸಬೇಕು ಅಂತ ಯೋಚಿಸಬೇಕಾಗಿಯೂ ಇರಲಿಲ್ಲ. ಇಳಿಸುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಅಕ್ಕ ನನ್ನ ಮಣಿಕಟ್ಟು ಹಿಡಿದಳು.

"ಬಿಡೇ. ಇವನನ್ನ ಉಳಿಸಬೇಡ" ಅಂದೆ.

"ನಿನ್ನ ಉಳಿಸ್ತಿದೀನಿ" ಅಂದಳು. ಬಾಯಿಂದ ರಕ್ತ ಸೋರುತ್ತಿತ್ತು. ಮಚ್ಚು ಕಿತ್ತುಕೊಂಡು ಮೂಲೆಗೆ ಎಸೆದಳು.

ಅವನಿಗೆ ಜೀವ ಬಂತು. "ನನ್ನ ಹೆಂಡತಿ ಬಂಗಾರ" ಅಂತ ಹಲ್ಲು ಕಿರಿದು, ಕೈ ಚಾಚಿ ಅವಳ ಪಾದ ಹಿಡಿದ, ಚಪ್ಪಲಿ ಹಾಕಿದ್ದ ಪಾದ. ಹಿಡಿದು ಎಳೆಯತೊಡಗಿದ. ಅಕ್ಕ ಬಗ್ಗಿ ಸುತ್ತಿಗೆ ಎತ್ತಿಕೊಂಡಳು. "ಕೈ ತೆಗೀರಿ" ಅಂದಳು. ಅವನು ತೆಗೆಯಲಿಲ್ಲ. ಅವಳು ಬೆರಳುಗಳ ಮೇಲೆ ಒಂದೇ ಏಟು ಹಾಕಿದಳು. ಇನ್ನು ಕೆಲವು ಭಾನುವಾರ ಸಭೆಯವರು ಗಿಟಾರಿಲ್ಲದೆ ಹಾಡಿಕೊಳ್ಳಲಿ.

ಪಕ್ಕದ ಟೈಲರು ಫೋನ್ ಮಾಡಿ ಪೊಲೀಸರನ್ನು ಕರೆಸಿದ್ದ. ಇನ್ಸ್‌ಪೆಕ್ಟರು ಅಕ್ಕನ ಮುಖ ನೋಡಿ ಏನಾಯ್ತಮ್ಮ ಅಂದರು. ಮೆಟ್ಟಿಲು ಅಂತಾಳೆ ಅಂದುಕೊಂಡೆ ನಾನು.

"ಇವರು ಹೊಡೆದದ್ದು. ಪ್ರತಿ ಸಲವೂ ಇವರೇ" ಅಂದಳು. ಆಗಲೂ ಮರ್ಯಾದೆ ಬಿಡಲಿಲ್ಲ ಮಹಾತಾಯಿ.

ಸಂಜೆ ಆಸ್ಪತ್ರೆಯಿಂದ ಬಂದು ಮೇಜಿಗೆ ಕೂತೆವು. ಅಮ್ಮನ ಹಣೆಗೆ ಹೊಲಿಗೆ, ನನಗೆ ಒಂದೇ ಕಣ್ಣು, ಅಕ್ಕನ ಮುಂದೆ ಸೂಪು ಮತ್ತು ಸ್ಟ್ರಾ. ಅಮ್ಮ ಕೈ ಜೋಡಿಸಿದಳು. ಜೋಡಿಸಿದ್ದನ್ನು ಬಿಡಿಸಿಬಿಟ್ಟಳು.

"ನನಗೆ ಇವತ್ತು ಬರ್ತಿಲ್ಲ" ಅಂದಳು. "ಏಟು ತಿಂದೂ ಸ್ತೋತ್ರ ಹೇಳು ಅಂತ ನಿನ್ನ ಬೆಳೆಸಿದವಳು ನಾನೇ ಕಣೇ." ಅಷ್ಟು ದಿನದ್ದೆಲ್ಲ ಸೇರಿಸಿ ಅತ್ತಳು.

ಅಕ್ಕ ಅವಳ ಕೈ ಹಿಡಿದುಕೊಂಡಳು. "ಅಪ್ಪ ಹೋದ ದಿನ ನನ್ನ ಹಿಡಿದು ನಿಲ್ಲಿಸಿದ್ದು ಅದೇ, ಅಮ್ಮ. ಅದನ್ನ ಬಿಡಲ್ಲ. ಹುಡುಕಬಾರದ ಕಡೆ ಹುಡುಕಿದೆ, ಅಷ್ಟೇ."

ನನ್ನ ಸರದಿ. "ಮಚ್ಚು ಇಳೀಲಿಲ್ಲ, ಸ್ತೋತ್ರ" ಅಂದೆ.

ಅಕ್ಕ ಬಾಗಿಲ ಕಡೆ ನೋಡಿದಳು. ಚಪ್ಪಲಿ ಅಲ್ಲಿತ್ತು. ಒಂದಕ್ಕೆ ರಕ್ತ ಮೆತ್ತಿತ್ತು, ಇನ್ನೊಂದು ಸ್ವಚ್ಛವಾಗಿತ್ತು. ಅವನು ಚಪ್ಪಲಿ ತಂದುಕೊಟ್ಟ ಅಂತ ಈಗ ಹೇಳಿದರೆ ಮುಗಿಯಿತು ಕಥೆ.

"ನನ್ನ ಚಪ್ಪಲಿ ಮನೆಗೆ ಬಂತು" ಅಂದಳು, ಒಂದೊಂದೇ ಮಾತು ತಂತಿಯ ನಡುವಿನಿಂದ ಬಿಡಿಸಿ ತೆಗೆಯುತ್ತಾ. "ಇನ್ನು ತರಬೇಕು ಅಂತ ಅಲ್ಲಿಗೆ ಹೋಗೋಕೆ ನನ್ನದೇನೂ ಉಳಿದಿಲ್ಲ. ಸ್ತೋತ್ರ."

ಅಮ್ಮ ಕಣ್ಣೊರೆಸಿಕೊಂಡು ಸೂಪಿನ ಬಟ್ಟಲನ್ನು ಅವಳ ಹತ್ತಿರ ಸರಿಸಿದಳು.

"ಆಮೆನ್. ಬಿಸಿ ಇದೆ, ಕುಡಿ."